ಹುಚ್ಚಯ್ಯನ ತುಟಿ ಓದಿದವಳು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸುಗಳು ಮಗ್ಗುಲಿಗೆ ಮಗ್ಗುಲು ನಿಂತಿದ್ದವು. ಒಂದರ ಕಿಟಕಿಯಲ್ಲಿ ಕೀರ್ತಿರಾಜ್, ಇನ್ನೊಂದರ ಕಿಟಕಿಯಲ್ಲಿ ಒಬ್ಬ ಹುಡುಗಿ. ತುಂತುರು ಬಿದ್ದಿದ್ದರಿಂದ ಗಾಜುಗಳೆಲ್ಲ ಮುಚ್ಚಿದ್ದವು.

ಕೀರ್ತಿರಾಜ್ ಫೋನಿನಲ್ಲಿ ಗೆಳೆಯ ಮನುಗೆ ಹೇಳುತ್ತಿದ್ದ: "ಪಕ್ಕದ್ ಬಸ್ಸಲ್ಲಿ ಒಬ್ರು ಸೌತೆಕಾಯ್ ತಿಂತಾವ್ರೆ ಕಣ್ಲಾ. ಒಂದೊಂದ್ ಚೂರ್ನೂ ತಿರುಗ್ಸಿ ತಿರುಗ್ಸಿ ನೋಡ್ತಾವ್ರೆ, ಆಧಾರ್ ಕಾರ್ಡ್ ಚೆಕ್ ಮಾಡ್ದಂಗೆ. ಮೂಗು ಮಾತ್ರ ಚೆನ್ನಾಗದೆ."

ಓರೆಗಣ್ಣಿನಲ್ಲಿ ಇತ್ತಲೇ ನೋಡುತ್ತಿದ್ದ ಹುಡುಗಿ ತಟಕ್ಕನೆ ಪೂರ್ತಿ ತಿರುಗಿದಳು. ಕೈಯಲ್ಲಿದ್ದ ಚೂರನ್ನು ಎತ್ತಿ ತೋರಿಸಿದಳು. ಆಮೇಲೆ ತುಟಿಯನ್ನು ಒಂದೊಂದೇ ಅಕ್ಷರಕ್ಕೆ ಬಿಡಿಸಿ ಬಿಡಿಸಿ ಹೇಳಿದಳು: ಆಧಾರ್ ಸರಿಯಾಗಿದೆ. ಮೂಗಿನ ವಿಷಯ ನಿಮಗ್ಯಾಕೆ?

ಅವಳ ಬಸ್ಸು ಹಾಸನದ ಕಡೆ ಹೊರಟೇಬಿಟ್ಟಿತು. ಫೋನಿನಲ್ಲಿ ಮನು "ಯಾಕ್ಲಾ ಸುಮ್ನಾಗ್ಬುಟ್ಟೆ?" ಅನ್ನುತ್ತಲೇ ಇದ್ದ.

ಕೀರ್ತಿರಾಜ್ ದನಿಯನ್ನೇ ಉಂಡು ಬದುಕುವವನು. ಹಾಸನದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಅವನದೊಂದು ಸಣ್ಣ ಸ್ಟುಡಿಯೋ. ಶಾರ್ಟ್ ಫಿಲಂಗಳಿಗೆ ಡಬ್ಬಿಂಗ್, ಮದುವೆ ವಿಡಿಯೋಗೆ ಹಾಡು ಕೂರಿಸುವುದು, ಎಲೆಕ್ಷನ್ ಬಂದರೆ ಪ್ರಚಾರದ ಆಟೋಗಳಿಗೆ ಅನೌನ್ಸ್‌ಮೆಂಟ್. ಎರಡು ಗಾಜಿನಾಚೆಗೆ ಯಾವ ಕಿವಿಗೂ ಕೇಳುವುದಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಅವಳು ಕೇಳಲಿಲ್ಲ. ನೋಡಿದಳು.

ಒಂದು ವಾರದಿಂದ ಅವನು ಹುಡುಕುತ್ತಿದ್ದದ್ದು ಇಂಥವರನ್ನೇ.

ವಾರದ ಹಿಂದೆ ಜರ್ಮನಿಯ ಒಂದು ಫಿಲಂ ಸಂಗ್ರಹಾಲಯದಿಂದ ಅವನಿಗೆ ಮೇಲ್ ಬಂದಿತ್ತು. ನಿಮ್ಮ ಯೂಟ್ಯೂಬ್ ವಿಡಿಯೋ ನೋಡಿದೆವು; ನೀವು ಯುದ್ಧದಲ್ಲಿ ತೀರಿಕೊಂಡರು ಎಂದು ಹೇಳುವ ಹುಚ್ಚಯ್ಯ, ನಮ್ಮಲ್ಲಿನ ವಲಸೆ ದಾಖಲೆಯ ಪ್ರಕಾರ ಯುದ್ಧಖೈದಿಯಾಗಿ ಬಂದು ಬರ್ಲಿನ್ನಿನಲ್ಲೇ ಉಳಿದು ಸಿನಿಮಾ ನಟರಾಗಿದ್ದರು; ಐದು ತುಣುಕು ಉಳಿದಿವೆ, ಕಳಿಸಿದ್ದೇವೆ.

ದಂಡಿಗನಹಳ್ಳಿ ಕಡೆಯ ಅವರ ಕಾಲೊನಿಯಲ್ಲಿ ಹುಚ್ಚಯ್ಯನ ಕಥೆ ಎಲ್ಲರಿಗೂ ಬಾಯಿಪಾಠ. ಮೊದಲನೇ ಮಹಾಯುದ್ಧಕ್ಕೆ ಮೈಸೂರಿನ ಕುದುರೆ ದಂಡಿನ ಜೊತೆ ಲಾಯದ ಆಳಾಗಿ ಹಡಗು ಹತ್ತಿದವನು. ಹೆಂಡತಿ ಸುಬ್ಬಮ್ಮನಿಗೆ ಆಗ ಹದಿನೈದು. ದಂಡು ವಾಪಸ್ ಬಂತು, ಹುಚ್ಚಯ್ಯ ಬರಲಿಲ್ಲ. ಎರಡು ವರ್ಷ ಕಾದು, ಸತ್ತನೆಂದು ತೀರ್ಮಾನಿಸಿ ಸುಬ್ಬಮ್ಮನ ಬಳೆ ಒಡೆದರು. ಆಮೇಲೆ ಕುಲದ ಹಿರಿಯರು ಕೂತು, ವಿಧವೆಗೆ ಮರುಮದುವೆ ಮಾಡುವ ಕೂಡಾವಳಿ ಶಾಸ್ತ್ರದಲ್ಲಿ ಅವಳನ್ನು ಮೈದುನ ನಂಜಯ್ಯನಿಗೆ ಸೀರೆ ಉಡಿಸಿ ಕೊಟ್ಟರು. ಅವರಿಬ್ಬರ ಕೊನೆಯ ಮಗ ಬೈರಯ್ಯ, ಕೀರ್ತಿರಾಜನ ತಾತ. ಪಿತೃಪಕ್ಷ ಬಂತೆಂದರೆ ಇಂದಿಗೂ ಹುಚ್ಚಯ್ಯನ ಹೆಸರು ಹಿಡಿದು ಕೂಗಿ ಎಡೆ ಇಡುತ್ತಾರೆ.

ಅಂದರೆ, ಬದುಕಿದ್ದವನೊಬ್ಬನಿಗೆ ವರ್ಷಾವರ್ಷ ಸತ್ತವರ ಊಟ ಬಡಿಸಿದ್ದರು. ಆ ತಪ್ಪು ಆಗದಿದ್ದರೆ ತಾತ ಇಲ್ಲ. ತಾತ ಇಲ್ಲದಿದ್ದರೆ ಕೀರ್ತಿರಾಜ್ ಇಲ್ಲ.

ತುಣುಕುಗಳಲ್ಲಿ ಹುಚ್ಚಯ್ಯ ಮಹಾರಾಜನಾಗಿದ್ದ. ಮುತ್ತಿನ ಪೇಟ, ಕಣ್ಣಿಗೆ ಕಪ್ಪು. ಮೂಕಿ ಚಿತ್ರ. ಆದರೆ ಅವನ ತುಟಿ ಆಡುತ್ತಿತ್ತು, ಮತ್ತು ಪರದೆಯ ಮೇಲೆ ಬರುವ ಜರ್ಮನ್ ಅಕ್ಷರಕ್ಕೂ ಆ ತುಟಿಗೂ ತಾಳೆಯೇ ಇರಲಿಲ್ಲ. ಏನೋ ಹೇಳುತ್ತಿದ್ದಾನೆ. ಯಾರಿಗೆ?

ಹಾಸನದಲ್ಲಿ ಕಿವಿ ಕೇಳದ ಮಕ್ಕಳ ಶಾಲೆ ಒಂದಿತ್ತು. ಮರುದಿನವೇ ಕೀರ್ತಿರಾಜ್ ಅಲ್ಲಿಗೆ ಹೋದ. ಗೇಟಿನ ಒಳಗೆ ಮಕ್ಕಳಿಗೆ ಕಬಡ್ಡಿ ಆಡಿಸುತ್ತಿದ್ದ ಟೀಚರ್ ತಿರುಗಿದಳು. ಅದೇ ಮೂಗು.

"ಮೂಗಿನ ವಿಷಯಕ್ಕೆ ಬಂದ್ರಾ?" ಅಂದಳು. ದನಿ ಏರಿಳಿತವಿಲ್ಲದೆ ಚಪ್ಪಟೆಯಾಗಿತ್ತು.

"ಇಲ್ಲ ಮೇಡಂ. ತುಟಿ ವಿಷಯಕ್ಕೆ," ಅಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ನಕ್ಕಳು. ಹೆಸರು ಮೇಘಶ್ರೀ, ಊರು ಮಲ್ಲಿಪಟ್ಟಣದ ಹತ್ತಿರ. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು.

*

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಸ್ಟುಡಿಯೋಗೆ ಬರುತ್ತಿದ್ದಳು. ಕೆಲಸ ಅಂದುಕೊಂಡಷ್ಟು ಸುಲಭ ಇರಲಿಲ್ಲ.

"ಪ, ಬ, ಮ ಮೂರೂ ತುಟಿಯಲ್ಲಿ ಒಂದೇ ಥರ ಕಾಣುತ್ತೆ," ಅಂದಳು. "ಹಕಾರ ಕಾಣೋದೇ ಇಲ್ಲ. ಆ ಲೆಕ್ಕದಲ್ಲಿ ನಿಮ್ಮೂರವರು ಒಳ್ಳೆಯವರು. ಹಕಾರ ಹೇಳೋ ಕಷ್ಟಾನೇ ತಗೊಳ್ಳಲ್ಲ."

"ನಿಮ್ಮ ಮಲ್ಲಿಪಟ್ಣದೋರು ಬಾಳ ಏಳ್ತಾರೆ ನೋಡಿ."

"ಹೇಳ್ತಾರೆ."

"ಏಳ್ತಾರೆ."

"ನನಗೆ ಎರಡೂ ಒಂದೇ ಕಾಣ್ತಿದೆ. ಸುಮ್ಮನೆ ಜಗಳ ಬೇಡ."

ಅವಳೊಂದು ದಾರಿ ಕಂಡುಕೊಂಡಳು. ಹುಚ್ಚಯ್ಯನ ತುಟಿ ನೋಡಿ ಊಹಿಸಿ ಒಂದು ವಾಕ್ಯ ಬರೆಯುವಳು. ಕೀರ್ತಿರಾಜ್ ಪರದೆಯ ಪಕ್ಕದಲ್ಲೇ ಕೂತು ಅದನ್ನು ತನ್ನೂರಿನ ಮಾತಿನಲ್ಲಿ ಅವಳ ಮುಖ ನೋಡಿ ಹೇಳಬೇಕು. ಎರಡು ಬಾಯಿ ಪಕ್ಕಪಕ್ಕ ಇಟ್ಟು ತೂಗಿ ನೋಡುವಳು. ತಪ್ಪಿದ್ದರೆ ಬೇರೆ ವಾಕ್ಯ.

ಕೀರ್ತಿರಾಜ್ ಹುಚ್ಚಯ್ಯನ ತಮ್ಮನ ವಂಶದವನಾದರೂ ಗದ್ದ ಅದೇ, ದಪ್ಪ ಕೆಳತುಟಿಯೂ ಅದೇ. ಅವಳ ಕಣ್ಣು ಅವನಿಂದ ಇವನಿಗೆ, ಇವನಿಂದ ಅವನಿಗೆ ಹಾಯುತ್ತಿತ್ತು. ಮೊದಮೊದಲು ಕೀರ್ತಿರಾಜನಿಗೆ ನಾಚಿಕೆ. ಆಮೇಲೆ ಆ ಕಣ್ಣು ಪರದೆಗೆ ಹೋದಾಗೆಲ್ಲ ಒಂಥರಾ ಹೊಟ್ಟೆಕಿಚ್ಚು.

ಮೊದಲ ತುಣುಕು, 1922. ಸಿಂಹಾಸನದ ಮೇಲೆ ಹುಚ್ಚಯ್ಯ. ಜರ್ಮನ್ ಅಕ್ಷರ ಹೇಳುತ್ತಿತ್ತು: 'ಕಮಲದ ಕಣ್ಣಿನವಳೇ, ನನ್ನ ರಾಜ್ಯ ನಿನ್ನ ಪಾದಕ್ಕೆ.'

ಐದನೇ ಸಲಕ್ಕೆ ವಾಕ್ಯ ಕೂತಿತು. ಕೀರ್ತಿರಾಜ್ ಹೇಳಿದ: "ಸುಬ್ಬಮ್ಮಿ, ನೋಡಮ್ಮಿ, ನನ್ನ ರಾಜ್ನ ಮಾಡವ್ರೆ."

ಎರಡು ಬಾಯಿ ಒಂದಾದವು. ಮೇಘಶ್ರೀ ಕೈ ಬಾಯಿಗೆ ಹೋಯಿತು.

"ಇಡೀ ಬರ್ಲಿನ್ ಥಿಯೇಟರಿನ ಕತ್ತಲಲ್ಲಿ ಕೂತು ಇವರನ್ನ ನೋಡ್ತಿದೆ," ಅಂದಳು ಮೆಲ್ಲಗೆ. "ಇವರು ಮಾತ್ರ ಹೆಂಡತಿ ಹತ್ತಿರ ಮಾತಾಡ್ತಿದಾರೆ."

ಎರಡನೆಯದು, 1924. ಬಂಗಾರದ ಕೂದಲಿನ ನಾಯಕಿಯನ್ನು ತಬ್ಬಿಕೊಂಡು, ಅವಳ ಭುಜದ ಮೇಲಿಂದ ಕ್ಯಾಮರಾದತ್ತ ನೋಡುತ್ತ ಹುಚ್ಚಯ್ಯ ಹೇಳುತ್ತಿದ್ದ: "ಸಂಬಳಕ್ಕೆ ಕಣಮ್ಮಿ. ಬ್ಯಾರೆ ಏನೂ ತಿಳ್ಕಬ್ಯಾಡ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಅರ್ಧಕ್ಕೇ ನಿಂತಿತು. 1924ಕ್ಕೆ ಸುಬ್ಬಮ್ಮನ ಮಡಿಲಲ್ಲಿ ನಂಜಯ್ಯನ ಮೊದಲ ಮಗು ಇತ್ತು. ಕರೆಂಟ್ ಹೋಯಿತು. ಹಗಲು ಮೂರು ಗಂಟೆಗೆ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಯುಪಿಎಸ್ ಬೀಪ್ ಅನ್ನುತ್ತಿತ್ತು. ಪರದೆಯ ನೀಲಿ ಬೆಳಕಿನಲ್ಲಿ ಹುಚ್ಚಯ್ಯ ಬಾಯಿ ಅರ್ಧ ತೆರೆದು ನಿಂತಿದ್ದ, ಉತ್ತರಕ್ಕೆ ಕಾಯುವವನ ಹಾಗೆ.

ಮೂರನೆಯದು, 1926. ಕೋಟೆಯ ಬುರುಜಿನ ಮೇಲೆ ಒಂಟಿಯಾಗಿ ನಿಂತವನು. "ಬತ್ತೀನಿ. ಈ ಸಲ ಬಂದೇ ಬತ್ತೀನಿ."

ಕೀರ್ತಿರಾಜ್ ಅದನ್ನು ಮೇಘಶ್ರೀಗೆ ಮೂರು ಸಲ ಹೇಳಬೇಕಾಯಿತು. ಮೂರನೇ ಸಲ ಅವಳು ಪರದೆ ನೋಡುವುದನ್ನೇ ಮರೆತಳು.

"ಸರಿಯಾಗಿದೆ," ಅಂದಳು. ಕೇಳದ ಆ ಕಿವಿಗಳ ತುದಿ ಕೆಂಪಾಗಿತ್ತು.

*

ಅಲ್ಲಿಂದಾಚೆ ಕೀರ್ತಿರಾಜನ ಬಾಯಿ ಅವನ ಮಾತು ಕೇಳದಾಯಿತು. ಸೀರೆ ಅಂಗಡಿಯ ಅನೌನ್ಸ್‌ಮೆಂಟಿಗೆ ದನಿ ಕೊಡುತ್ತಿದ್ದವನು 'ತಪ್ಪದೇ ಬನ್ನಿ' ಅನ್ನುವ ಕಡೆ 'ಬಂದೇ ಬತ್ತೀನಿ' ಅಂದುಬಿಟ್ಟ. ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯೊಳಗಿನ ತುಟಿ ತನಗಿಂತ ಒಂದು ಚೂರು ಮೊದಲೇ ಅಲುಗಿದ ಹಾಗೆ ಕಂಡು ಬ್ಲೇಡು ಕೆಳಗಿಟ್ಟ. ನೂರು ವರ್ಷ ಯಾರ ಕಿವಿಗೂ ಬೀಳದ ಮಾತು ಕೊನೆಗೊಂದು ಬಾಯಿ ಹುಡುಕಿಕೊಂಡು ಬಂದಿತ್ತು. ಅದು ತನ್ನ ಬಾಯಿ. ಆ ಮಾತನ್ನು ಆಡಿದ್ದು ಸುಬ್ಬಮ್ಮನಿಗಲ್ಲ, ಮೇಘಶ್ರೀಗೆ.

ತನ್ನ ಸ್ವಂತ ಮಾತನ್ನು ಮಾತ್ರ ಅವನು ದನಿ ಬೆರೆಸುವ ಮಿಕ್ಸರ್ ಯಂತ್ರದ ಕಡೆ ತಿರುಗಿ ಆಡುತ್ತಿದ್ದ. 'ಇಲ್ಲೇ ಇದ್ಬುಡು ಮೇಘ.' 'ಇನ್ನೊಂದ್ ಗಳ್ಗೆ ಕೂತ್ಕ.' ಬೆನ್ನಿಗೆ ಕಣ್ಣಿಲ್ಲವಲ್ಲ ಎಂಬ ಧೈರ್ಯ. ಮುಖ ಕೊಟ್ಟು ಹೇಳಲು ಯಾಕೆ ಅಂಜಿಕೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅವಳದು ಮಲ್ಲಿಪಟ್ಟಣದ ಹತ್ತಿರ ಗೌಡರ ಮನೆ. ಅವನದು ಎಸ್‌ಸಿ ಕಾಲೊನಿ.

ನಾಲ್ಕನೇ ತುಣುಕು, 1928. ಹುಚ್ಚಯ್ಯ ಈಗ ರಾಜನಲ್ಲ, ರಾಜನ ಮಂತ್ರಿ. ಕೆನ್ನೆ ಬತ್ತಿತ್ತು. ಮೇಘಶ್ರೀ ಬರೆದು ಕೊಟ್ಟ ಚೀಟಿಯನ್ನು ಕೀರ್ತಿರಾಜ್ ಓದಲಾರದೆ ಓದಿದ: "ಸುಬ್ಬಮ್ಮಿ, ನಿನ್ ಮೊಕ ಮರ್ತೋಯ್ತಾ ಅದೆ."

ಐದನೆಯದು 1930ರದು. ಟಾಕಿ. ಅದಕ್ಕೆ ದನಿ ಇತ್ತು.

ಈಗ ಹುಚ್ಚಯ್ಯ ಬಾಗಿಲು ಕಾಯುವವನು. ಕತ್ತಿ ಹಿಡಿದು ನಿಂತಿದ್ದಾನೆ, ಬಾಯಿ ತೆರೆಯುತ್ತಾನೆ. ಕೀರ್ತಿರಾಜ್ ಹೆಡ್‌ಫೋನ್ ಕಿವಿಗೊತ್ತಿಕೊಂಡ. ಕೊನೆಗೂ ಆ ದನಿ ಕೇಳುತ್ತದೆ ಅಂದುಕೊಂಡ.

ಕೇಳಿಸಿದ್ದು ಗಟ್ಟಿ ಗಂಟಲಿನ ಅಪ್ಪಟ ಜರ್ಮನ್. ಪಳಗಿದ ನಾಟಕದವನ ದನಿ. ತುಟಿ ಮುಚ್ಚಿದ ಮೇಲೂ ಅರ್ಧ ಸೆಕೆಂಡು ದನಿ ಓಡುತ್ತಿತ್ತು. ಡಬ್ಬಿಂಗ್ ಮಾಡುವವನಿಗೆ ಅಷ್ಟು ಸಾಕು: ಕ್ಯಾಮರಾದ ಪಕ್ಕ ಇನ್ಯಾರೋ ನಿಂತು ಇವನ ಮಾತು ಹೇಳುತ್ತಿದ್ದಾರೆ.

"ಏನು ಕೇಳಿಸ್ತು?" ಅಂದಳು ಮೇಘಶ್ರೀ.

"ಅದು ಅವ್ರ ದನಿ ಅಲ್ಲ. ನಿಮಗೇನು ಕಾಣಿಸ್ತು?"

ಅವಳು ತುಣುಕನ್ನು ಏಳೆಂಟು ಸಲ ಓಡಿಸಿದಳು. ಬರೆಯಲಿಲ್ಲ. ತಾನೇ ಹೇಳಿದಳು. ಆ ಚಪ್ಪಟೆ ದನಿಯಲ್ಲಿ, ಅವನೂರಿನ ಮಾತಿನಲ್ಲಿ: "ಸುಬ್ಬಮ್ಮಿ, ಇವ್ರಿಗೆ ನನ್ ದನಿ ಬ್ಯಾಡ್ವಂತೆ."

ಆಮೇಲೆ ಇನ್ನೂ ಎರಡು ದೃಶ್ಯದಲ್ಲಿ ಹುಚ್ಚಯ್ಯ ಬಂದು ಹೋಗುತ್ತಾನೆ. ತುಟಿ ಅಲುಗುವುದಿಲ್ಲ. ಅಲ್ಲಿಗೆ ಅವನ ಸಿನಿಮಾ ಮುಗಿಯಿತು. ಸಂಗ್ರಹಾಲಯದವರ ಪ್ರಕಾರ 1939ರ ನಂತರ ಅವನ ಹೆಸರು ಯಾವ ಕಾಗದದಲ್ಲೂ ಇಲ್ಲ.

ಬೇರೆಯವರ ಬಾಯಿಗೆ ಬೇರೆಯವರ ದನಿ ಕೂರಿಸಿ ಬಾಡಿಗೆ ಕಟ್ಟುವ ಆ ಕೋಣೆಯಲ್ಲಿ ಕೀರ್ತಿರಾಜ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

ಮೇಘಶ್ರೀ ಬ್ಯಾಗು ಎತ್ತಿಕೊಂಡಳು. "ಧಾರವಾಡದ ಒಂದು ಶಾಲೆಯವರು ಕರೆದಿದಾರೆ. ದೊಡ್ಡ ಶಾಲೆ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಅಂದ್ರೆ ಈ ತಿಂಗಳೇ ಹೊರಡಬೇಕು."

ಕೆಳಗೆ ಹಾರ್ಡ್‌ವೇರ್ ಅಂಗಡಿಯವರು ಪೈಪ್ ಇಳಿಸುತ್ತಿದ್ದರು. ಮೆಟ್ಟಿಲ ಬಾಗಿಲು ತೆರೆದಿತ್ತು. ತನ್ನ ಮಾತು ಹೇಳಲು ಕೀರ್ತಿರಾಜ್ ಮೊದಲ ಬಾರಿ ಅವಳ ಮುಖಕ್ಕೆ ನೇರ ತಿರುಗಿದ. ಉಸಿರಿಲ್ಲದೆ ತುಟಿಯಲ್ಲಷ್ಟೇ ಹೇಳಿದ: ಓಗ್ಬ್ಯಾಡ ಕಣಮ್ಮಿ. ಬತ್ತೀನಿ. ನಿಮ್ಮನೆಗೆ ಬಂದೇ ಬತ್ತೀನಿ.

ಅವಳು ಕೈ ಚಾಚಿ ಎರಡು ಬೆರಳನ್ನು ಅವನ ಗಂಟಲ ಮೇಲಿಟ್ಟಳು. "ಇನ್ನೊಂದ್ಸಲ ಹೇಳಿ."

ಅವನು ಹೇಳಿದ.

"ಅಲುಗಲೇ ಇಲ್ಲ," ಅಂದಳು. "ದನಿ ಇಲ್ಲ. ನನಗೆ ಕೇಳಿಸಲ್ಲ ಅಂತ ದನಿ ಉಳಿಸಿದ್ರಾ, ಕೆಳಗಿನವರಿಗೆ ಕೇಳಿಸುತ್ತೆ ಅಂತ ಉಳಿಸಿದ್ರಾ?"

ಅವನು ಮಿಕ್ಸರ್ ಕಡೆ ತಿರುಗಿದ.

"ತಿರುಗಬೇಡಿ. ನೀವು ಆ ಕಡೆ ತಿರುಗಿ ಮಾತಾಡೋದು ನನಗೆ ಗೊತ್ತು. ಕತ್ತಿನ ನರ ಕಾಣುತ್ತೆ. ಮಾತು ಕಾಣಲ್ಲ ಅಷ್ಟೇ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಅದೇ ಚಪ್ಪಟೆ. "ಈಗ ಹೇಳಿದ್ದು ಕೂಡ ನಿಮ್ಮ ಮಾತಲ್ಲ. ಅವರದು. ಅವರೂ ಹಿಂಗೇ ಎಂಟು ವರ್ಷ ಚೆಂದ ಚೆಂದ ಹೇಳಿದ್ರು. ಬಂದ್ರಾ?"

ಮೆಟ್ಟಿಲಿಳಿದು ಹೋದಳು. ಪರದೆಯ ಮೇಲೆ ಬಾಗಿಲು ಕಾಯುವವನು ಬಾಯಿ ಮುಚ್ಚಿಕೊಂಡು ನಿಂತಿದ್ದ.

*

ಭಾನುವಾರ ಬೆಳಿಗ್ಗೆ ಕೀರ್ತಿರಾಜ್ ಊರಿಗೆ ಹೋಗಿ ತಾತನಿಗೆ ಎಲ್ಲ ಹೇಳಿದ. ಬೈರಯ್ಯನಿಗೆ ಎಂಬತ್ತೇಳು. ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಐದೂ ತುಣುಕನ್ನು ಫೋನಿನಲ್ಲಿ ತೋರಿಸಿ ಐದೂ ಮಾತನ್ನು ಹೇಳಿದ. ತಾತ ಅಳುತ್ತಾರೆ ಅಂದುಕೊಂಡಿದ್ದ.

"ಅಂಗಾರೆ ನಾನುಟ್ದಾಗ ನಮ್ಮವ್ವ ಇವ್ನೆಂಡ್ತಿನೇ," ಅಂದರು ಬೈರಯ್ಯ.

"ಗೊತ್ತಿರ್ನಿಲ್ವಲ್ಲ ತಾತ ಯಾರ್ಗೂ."

"ಇವ್ನಿಗ್ ಗೊತ್ತಿತ್ತಲ್ಲಪ್ಪ, ತಾನ್ ಸತ್ತಿಲ್ಲ ಅಂತ!" ಕೈಯಲ್ಲಿದ್ದ ಸಿಪ್ಪೆ ಬಿಸಾಕಿದರು. "ಅವ್ವ ಸಾಯಗಂಟ ಅಮಾಸೆ ಅಮಾಸೆಗೂ ಅತ್ಲು ಕಣ್ಲಾ. ಅಪ್ಪುನ್ ಮುಂದೆ ಅಳಂಗಿಲ್ಲ, ಕೊಟ್ಗೆಗೋಗಿ ಅಳಾಳು. ಇವ್ನು ಫಿಲಮ್ಮಲ್ಲಿ ಏಳ್ದ್ನಂತೆ! ಓದ್ ಬರಾ ಬರ್ದೆ ಇದ್ರೆ ಏನಾಯ್ತು? ಯಾರ್ ಕೈಲಾರಾ ಒಂದ್ ಕಾರ್ಡ್ ಬರ್ಸಕ್ಕಾಗ್ನಿಲ್ವಾ?"

ಕೀರ್ತಿರಾಜ್ ಫೋನು ಜೇಬಿಗಿಟ್ಟ. ಇಷ್ಟು ದಿನ ಹುಚ್ಚಯ್ಯನ ತುಟಿಯ ಮೇಲೆ ಅವನು ಕಂಡಿದ್ದು ಬರೀ ಪ್ರೀತಿ. ತಾತ ಅದೇ ತುಟಿಯ ಮೇಲೆ ಹೇಡಿತನ ನೋಡಿದ್ದರು. ಕೇಳಬೇಕಾದವರಿಗೆ ಎಂದೂ ಕೇಳಿಸಲಾರದ ಜಾಗ ಹುಡುಕಿ ಆಡಿದ ಮಾತು ಅದು.

"ಈ ಸಲ ಎಡೆ ಇಡದಾ ಬ್ಯಾಡ್ವಾ ತಾತ?"

"ಇಡಾದೇ. ಈಗಂತೂ ಸತ್ತವ್ನಲ್ವಾ." ಬೈರಯ್ಯ ಇನ್ನೊಂದು ಕಾಯಿ ಎತ್ತಿಕೊಂಡರು. "ನೀನ್ಯಾಕ್ಲಾ ಮೊಕ ಇಂಗ್ ಮಾಡ್ಕಂಡಿದ್ದೀ?"

"ಒಂದ್ ಕಾರ್ಡ್ ಆಕಾದದೆ ತಾತ," ಅಂದ ಕೀರ್ತಿರಾಜ್. ಬೈಕ್ ಹತ್ತಿದ.

ಹೊಳೆನರಸೀಪುರದ ಸೇತುವೆ ದಾಟುವಾಗ ಹೇಮಾವತಿ ಕೆಂಪಗೆ ಹರಿಯುತ್ತಿದ್ದಳು. ಅರಕಲಗೂಡಿಗೆ ಬರುವ ಹೊತ್ತಿಗೆ ಹೆಲ್ಮೆಟ್ಟಿನೊಳಗೆ ಅವನು ನೂರು ಸಲ ಹೇಳಿಕೊಂಡಿದ್ದ. ಪ್ರತಿ ಸಲವೂ ಬಾಯಿಗೆ ಬಂದದ್ದು 'ಬತ್ತೀನಿ' ಎಂಬ ಸತ್ತವನ ಮಾತೇ. ಮಲ್ಲಿಪಟ್ಟಣ ದಾಟಿ, ಕೇಳಿಕೊಂಡು ಹೋಗಿ ಆ ಮನೆಯ ಮುಂದೆ ಬೈಕ್ ನಿಲ್ಲಿಸಿದಾಗ ಸಂಜೆ ನಾಲ್ಕು.

ಮೇಘಶ್ರೀಯ ಅಪ್ಪ ಕೃಷ್ಣಪ್ಪ ಹೊಸ್ತಿಲ ಮೇಲೆ ಕಾಲು ಅಡ್ಡ ನೀಡಿ ಕೂತು ಡೇರಿಗೆ ಹಾಕುವ ಹಾಲಿನ ಕ್ಯಾನು ಒರೆಸುತ್ತಿದ್ದರು. ಅಂಗಳದ ಮೂಲೆಯ ಒಗೆಯುವ ಕಲ್ಲಿನ ಹತ್ತಿರ ಮೇಘಶ್ರೀ ಬೆನ್ನು ತಿರುಗಿಸಿ ಬಟ್ಟೆ ಜಾಲಿಸುತ್ತಿದ್ದಳು. ಬೈಕಿನ ಸದ್ದು ಅವಳಿಗೆ ಕೇಳಿರಲಿಲ್ಲ. ಬೇಲಿಯಾಚೆ ಪಕ್ಕದ ಮನೆಯ ಹೆಂಗಸರಿಬ್ಬರು ತಲೆಯೆತ್ತಿದರು.

"ಯಾರಪ್ಪ?" ಅಂದರು ಕೃಷ್ಣಪ್ಪ.

ತಾತನಾಗಿದ್ದರೆ 'ಗೌಡ್ರೇ' ಎಂದು ಬಗ್ಗುತ್ತಿದ್ದರು. "ನಮಸ್ಕಾರ ಸಾ," ಅಂದ ಕೀರ್ತಿರಾಜ್. ಅವಳು ತಿರುಗಲಿ ಎಂದು ಒಂದು ಗಳಿಗೆ ಕಾದ. ತಿರುಗಲಿಲ್ಲ. ಅವಳು ನೋಡದಿದ್ದರೆ ಇದು ಯಾವ ಸೀಮೆಯ ಪ್ರೇಮ ಅನ್ನಿಸಿತು. ಆದರೂ ಬಾಯಿ ತೆರೆದ. ಗಂಟಲೊಳಗಿಂದ ದನಿ ಎದ್ದು ಬಂದದ್ದು ಅವನಿಗೇ ಗೊತ್ತಾಯಿತು.

"ನನ್ನೆಸ್ರು ಕೀರ್ತಿರಾಜ್ ಸಾ. ದಂಡಿಗನಳ್ಳಿ ಕಡೆಯೋನು, ಹಾಸನದಲ್ಲಿ ಸ್ಟುಡಿಯೋ ಮಡಿಕ್ಕಂಡಿದೀನಿ. ನಾವು ಎಸ್‌ಸಿ. ನಿಮ್ಮ ಮಗ್ಳು ಅಂದ್ರೆ ನನಗೆ ಪ್ರಾಣ. ಅವ್ರು ಒಪ್ಪುದ್ರೆ ಮದ್ವೆ ಆಯ್ತೀನಿ. ಅವ್ರು ಧಾರವಾಡಕ್ಕೋದ್ರೂ ಸರಿ, ನಾನೂ ಅಲ್ಲಿಗೇ ಓಯ್ತೀನಿ. ಇದ್ನ ಕೇಳಕ್ಕೇ ಬಂದೆ."

ಬೇಲಿಯಾಚೆ ಒಂದು ಚೆಂಬು ಕೆಳಗೆ ಬಿತ್ತು.

ಕೃಷ್ಣಪ್ಪನವರ ಕೈ ಕ್ಯಾನಿನ ಮೇಲೇ ನಿಂತಿತು. ಬೇಲಿಯಾಚೆಯ ಹೆಂಗಸರು ನೋಡುತ್ತಿದ್ದ ದಿಕ್ಕು ಕಂಡು ಮೇಘಶ್ರೀ ಹಿಂದಕ್ಕೆ ತಿರುಗಿದಳು. ಕೀರ್ತಿರಾಜನನ್ನು ಕಂಡಳು. ಅಪ್ಪನ ಮುಖ ಕಂಡಳು. ಒದ್ದೆ ಕೈಯಲ್ಲೇ ಬಂದು ಅಪ್ಪನ ಮುಂದೆ ನಿಂತಳು.

"ಏನಂದ್ರು ಅಪ್ಪಾಜಿ?"

ಅವಳಿಗೆ ಕಿವಿ ಹೋದ ವರ್ಷ ಕೃಷ್ಣಪ್ಪನವರೇ ಆ ಮನೆಗೊಂದು ಕಟ್ಟಳೆ ಮಾಡಿದ್ದರು. ಈ ಅಂಗಳದಲ್ಲಿ ಯಾರು ಏನೇ ಆಡಲಿ, ಬೈಗುಳವೇ ಆಗಲಿ, ಸಾವಿನ ಸುದ್ದಿಯೇ ಆಗಲಿ, ಒಬ್ಬರು ಅವಳ ಮುಖಕ್ಕೆ ತಿರುಗಿ ಅದನ್ನು ಪೂರ್ತಿ ಹೇಳಬೇಕು. ಹುಡುಗಿಯಿಂದ ಒಂದು ಮಾತೂ ಮುಚ್ಚಿಡುವಂತಿಲ್ಲ. ಇಪ್ಪತ್ತು ವರ್ಷ ಆ ಕಟ್ಟಳೆ ಮುರಿದಿರಲಿಲ್ಲ.

ಕೀರ್ತಿರಾಜನಿಗೆ ಇದು ಗೊತ್ತಿರಲಿಲ್ಲ. ಆ ಮುದುಕರು ಯಾಕೆ ಗೋಡೆ ಕಡೆ ಮುಖ ಮಾಡಿದರು, ಯಾಕೆ ಅವರ ಕತ್ತಿನ ನರ ಅಷ್ಟು ಬಿಗಿಯಿತು ಎಂದು ನೋಡುತ್ತ ನಿಂತ.

ಕೊನೆಗೆ ಕೃಷ್ಣಪ್ಪ ಮಗಳ ಕಡೆ ತಿರುಗಿದರು. "ನಿನ್ನ ಕೇಳ್ಕಂಡ್ ಬಂದವ್ನೆ ಕಣವ್ವ."

"ಅಷ್ಟೇ ಅಲ್ಲ. ತುಂಬಾ ಹೊತ್ತು ಮಾತಾಡಿದಾರೆ. ಆಚೆಮನೆಯವರ ಮುಖ ನೋಡಿದ್ರೆ ಗೊತ್ತಾಗುತ್ತೆ. ಪೂರ್ತಿ ಹೇಳಿ."

ಕೃಷ್ಣಪ್ಪ ಪೂರ್ತಿ ಹೇಳಿದರು. ಹೆಸರು, ಊರು, ಜಾತಿ, ಪ್ರಾಣ, ಧಾರವಾಡ. ಒಂದೊಂದು ಮಾತಿಗೂ ನಿಂತು, ಅವಳಿಗೆ ಕಾಣುವ ಹಾಗೆ ತುಟಿ ಬಿಡಿಸಿ. 'ಪ್ರಾಣ' ಅನ್ನುವುದನ್ನು ಎರಡು ಸಲ ಹೇಳಿದರು. ಆ ಮಾತನ್ನು ಆ ಬಾಯಿ ಬಹುಶಃ ಹಿಂದೆಂದೂ ಆಡಿರಲಿಲ್ಲ.

ಮೇಘಶ್ರೀ ಕೀರ್ತಿರಾಜನತ್ತ ನೋಡಿದಳು. ತುಟಿಯನ್ನಲ್ಲ, ಕಣ್ಣನ್ನು. ಆಮೇಲೆ ಬೇಲಿಯಾಚೆಗೂ ಕೇಳುವ ದೊಡ್ಡ ದನಿಯಲ್ಲಿ ಹೇಳಿದಳು:

"ನನಗೆ ಒಪ್ಪಿಗೆ ಅಪ್ಪಾಜಿ. ಒಳಗೆ ಕರೀರಿ ಅವರನ್ನ."

ಕೃಷ್ಣಪ್ಪ ಖಾಲಿ ಕ್ಯಾನನ್ನು ಒಮ್ಮೆ ಅಲ್ಲಾಡಿಸಿ ನೋಡಿ ಪಕ್ಕಕ್ಕಿಟ್ಟರು. ಹೊಸ್ತಿಲಿಗೆ ಅಡ್ಡವಾಗಿ ನೀಡಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡರು.